ಲಾಗಿನ್ ಪುಟ ನೀವೇ ಬರೆಯಿರಿ, ಲಾಗಿನ್ ಮಾತ್ರ ಬರೆಯಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಕುಳಿತು ಸಂಘ-ಸಂಸ್ಥೆಗಳಿಗೆ ತಂತ್ರಾಂಶ ಬರೆದುಕೊಡುವ ಗೆಳೆಯರಿಗೆ,

ಸಹಕಾರ ಸಂಘದ ಮೆಟ್ಟಿಲು ಹತ್ತದ ಅಡಿಕೆ ಬೆಳೆಗಾರ ನಿಮ್ಮ ಮೂರು ತಾಲೂಕುಗಳಲ್ಲಿ ಸಿಗುವುದು ಕಷ್ಟ. ಶಿರಸಿಯಲ್ಲಿ ಕೇಂದ್ರ ಕಚೇರಿ ಇರುವ ಕೆನರಾ ಡಿಸಿಸಿ ಬ್ಯಾಂಕು 1920ರದ್ದು, ತೋಟಗಾರ್ಸ್ ಸೇಲ್ ಸೊಸೈಟಿ 1923ರದ್ದು. ನೂರು ವರ್ಷ ಈ ವ್ಯವಹಾರ ನಡೆದದ್ದು ಕೈರುಜು, ಲೆಡ್ಜರು ಮತ್ತು ಕೌಂಟರಿನಲ್ಲಿ ಕೂತವರಿಗೆ ಸದಸ್ಯನ ಮುಖ ಗೊತ್ತಿದೆ ಎಂಬ ಭರವಸೆಯ ಮೇಲೆ. ಈಗ ಆ ಮೂರೂ ಕೆಲಸವನ್ನು ಒಂದು ಲಾಗಿನ್ ಪುಟ ಮಾಡಬೇಕಾಗಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. 63,000 ಸಂಘಗಳು, 2,516 ಕೋಟಿ ರೂಪಾಯಿ, ನಬಾರ್ಡ್ ಉಸ್ತುವಾರಿಯಲ್ಲಿ ಒಂದೇ ತಂತ್ರಾಂಶ. ಆದರೆ ಸಂಘದ ಎಲ್ಲ ಕೆಲಸವೂ ಆ ತಂತ್ರಾಂಶದೊಳಗೆ ಮುಗಿಯುವುದಿಲ್ಲ. ಸದಸ್ಯ ತನ್ನ ಠೇವಣಿ, ಸಾಲ, ಅಡಿಕೆ ಪಟ್ಟಿ ನೋಡಿಕೊಳ್ಳುವ ಪುಟ, ವ್ಯಾಪಾರಿಗಳು ದರ ನಮೂದಿಸುವ ಪುಟ, ಶಾಲೆಯ ಫೀ, ದೇವಸ್ಥಾನದ ಸೇವಾ ರಸೀದಿ, ಸೂಪರ್ ಮಾರ್ಕೆಟಿನ ಉದ್ರಿ ಖಾತೆ, ಇಂಥ ನೂರೆಂಟು ಪೋರ್ಟಲುಗಳನ್ನು ಬರೆಯುವವರು ನೀವು. ಕೋವಿಡ್ ಕಾಲದಲ್ಲಿ ಬೆಂಗಳೂರು ಬಿಟ್ಟು ಊರಿಗೆ ಬಂದು ಇಲ್ಲೇ ನೆಲೆನಿಂತವರೂ ನಿಮ್ಮಲ್ಲಿದ್ದಾರೆ. ನಿಮ್ಮ ಮುಂದೆ ನಾನಿಡುವ ವಾದ ಒಂದೇ. ಲಾಗಿನ್ ಪುಟದ ಬಣ್ಣ, ಭಾಷೆ, ವಿನ್ಯಾಸ ಎಲ್ಲ ನಿಮ್ಮದಾಗಿರಲಿ. ಪುಟದ ಹಿಂದಿನ ಪರಿಶೀಲನೆಯನ್ನು ಮಾತ್ರ ಸ್ಪ್ರಿಂಗ್ ಸೆಕ್ಯುರಿಟಿ, ಜಾಂಗೊ, ಲಾರಾವೆಲ್‌ನಂಥ ಸಿದ್ಧ ಚೌಕಟ್ಟಿಗೆ ಬಿಟ್ಟುಕೊಡಿ. ಬಿಟ್ಟುಕೊಡುವಾಗ ಪುಟ ಮತ್ತು ಚೌಕಟ್ಟು ಸೇರುವ ಜಾಗದ ಮೇಲೆ ಕಣ್ಣಿಡಿ. ಕೆಡುವುದು ಅಲ್ಲೇ.

ಲಾಗಿನ್ ಎಂದರೆ ಹೆಸರು, ಪಾಸ್‌ವರ್ಡ್ ತೆಗೆದುಕೊಂಡು ಡೇಟಾಬೇಸಿನ ಒಂದು ಸಾಲಿನ ಜೊತೆ ಹೋಲಿಸಿ ನೋಡುವುದು ಎಂದು ಎಣಿಸಿದವನಿಗೆ ಚೌಕಟ್ಟು ದಂಡದ ಖರ್ಚಾಗಿ ಕಾಣುವುದು ಸಹಜ. ಹತ್ತು ಸಾಲಿನ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ. ಆ ಹತ್ತು ಸಾಲು ಬರೆದವರ ಗತಿ ಏನಾಯಿತೆಂದು ನೋಡಿ. 2009ರ ಡಿಸೆಂಬರಿನಲ್ಲಿ ರಾಕ್‌ಯೂ ಎಂಬ ಕಂಪನಿಯ 3.2 ಕೋಟಿ ಪಾಸ್‌ವರ್ಡ್‌ಗಳು ಬರೆದಿಟ್ಟ ಹಾಗೆಯೇ ಹೊರಬಿದ್ದವು. ಅವುಗಳನ್ನು ಹ್ಯಾಶ್ ಕೂಡ ಮಾಡಿರಲಿಲ್ಲ. 2012ರಲ್ಲಿ ಲಿಂಕ್ಡ್‌ಇನ್ ಸರದಿ. ಅಲ್ಲಿ ಹ್ಯಾಶ್ ಇತ್ತು, ಆದರೆ ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆಯಾಗಿ ಬೆರೆಸಬೇಕಾದ ಸಾಲ್ಟ್ ಇರಲಿಲ್ಲ. ಮೊದಲು ಹೊರಬಂದದ್ದು ಸುಮಾರು 65 ಲಕ್ಷ, ನಾಲ್ಕು ವರ್ಷಗಳ ನಂತರ ತಿಳಿದ ಲೆಕ್ಕ 11 ಕೋಟಿಗೂ ಹೆಚ್ಚು. ದೊಡ್ಡ ಸಂಬಳದ ಎಂಜಿನಿಯರುಗಳಿದ್ದ ಕಂಪನಿಗಳ ಕಥೆ ಇದು. ಇಂಥ ಪಾಠಗಳೆಲ್ಲ ಈಗ ಚೌಕಟ್ಟುಗಳೊಳಗೆ ಕೂತಿವೆ. ಸ್ಪ್ರಿಂಗ್ ಸೆಕ್ಯುರಿಟಿ ಸಾಲ್ಟ್ ಬೆರೆತ, ಬೇಕೆಂದೇ ನಿಧಾನವಾಗಿ ಲೆಕ್ಕ ಹಾಕುವ ಬಿಕ್ರಿಪ್ಟ್ ಬಳಸುತ್ತದೆ. ಜಾಂಗೊ ಹೊಸ ಆವೃತ್ತಿ ಬಂದಾಗಲೆಲ್ಲ ಆ ನಿಧಾನವನ್ನು ಹೆಚ್ಚಿಸುತ್ತ ಹೋಗುತ್ತದೆ, ಸದಸ್ಯ ಮುಂದಿನ ಸಲ ಲಾಗಿನ್ ಆದಾಗ ಹಳೆಯ ಹ್ಯಾಶನ್ನು ಸದ್ದಿಲ್ಲದೆ ಹೊಸದಕ್ಕೆ ಬದಲಿಸಿಕೊಳ್ಳುತ್ತದೆ. ಇನ್ನೂ ಸೂಕ್ಷ್ಮವಾದದ್ದೊಂದಿದೆ. ಇಲ್ಲದ ಹೆಸರಿನಲ್ಲಿ ಯಾರಾದರೂ ಲಾಗಿನ್ ಆಗಲು ನೋಡಿದರೆ ಸ್ಪ್ರಿಂಗ್ ಸೆಕ್ಯುರಿಟಿ ತಕ್ಷಣ 'ಇಲ್ಲ' ಎನ್ನುವುದಿಲ್ಲ. ಒಂದು ಸುಳ್ಳು ಹ್ಯಾಶಿನ ಜೊತೆ ಹೋಲಿಕೆ ನಡೆಸಿ, ಇರುವ ಹೆಸರಿಗೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೇ ಹೊತ್ತು ತೆಗೆದುಕೊಂಡು, ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ. ಉತ್ತರ ಬರುವ ವೇಗವನ್ನು ಅಳೆದು ಯಾವ ಸದಸ್ಯ ಸಂಖ್ಯೆ ಚಾಲ್ತಿಯಲ್ಲಿದೆ ಎಂದು ಯಾರೂ ಪತ್ತೆ ಮಾಡದಿರಲಿ ಎಂದು ಈ ಏರ್ಪಾಡು. ಹತ್ತು ಸಾಲಿನ ಲಾಗಿನ್ ಬರೆದವರಿಗೆ ಇದು ಹೊಳೆದಿರುವುದಿಲ್ಲ. ಹೊಳೆಯಲಿಲ್ಲವೆಂದು ಅವರನ್ನು ದೂರುವಂತೆಯೂ ಇಲ್ಲ, ಅವರ ಮುಂದಿದ್ದ ಕೆಲಸ ಅಡಿಕೆ ಪಟ್ಟಿಯದು.

ಹಾಗಾದರೆ ಚೌಕಟ್ಟು ಹಾಕಿಬಿಟ್ಟರೆ ಆಯಿತೇ? ಆಗುವುದಿಲ್ಲ. ನನ್ನ ತಕರಾರಿನ ಮುಖ್ಯ ಭಾಗ ಇದು. ಚೌಕಟ್ಟು ತನ್ನದೇ ಒಂದು ಲಾಗಿನ್ ಪುಟ ಕೊಡುತ್ತದೆ. ಬೋಳು ಬಿಳಿ ಪುಟ, ಎರಡು ಖಾನೆ, ಇಂಗ್ಲಿಷಿನಲ್ಲಿ ಒಂದು ಗುಂಡಿ. ಅದನ್ನು ಆಡಳಿತ ಮಂಡಳಿಯ ಮುಂದೆ ಇಡುವಂತಿಲ್ಲ. ಸಂಘದ ಲಾಂಛನ ಬೇಕು, ಕನ್ನಡ ಬೇಕು, ಹಿಂದೆ ತೋಟದ ಚಿತ್ರ ಬೇಕು. ಹೀಗಾಗಿ ಎಲ್ಲಿಂದಲೋ ಚೆಂದದ ಟೆಂಪ್ಲೇಟು ತಂದು ಜೋಡಿಸುತ್ತೀರಿ. ಜೋಡಿಸಿ ಗುಂಡಿ ಒತ್ತಿದರೆ ಬರುವುದು 403. ಲಾರಾವೆಲ್ ಆದರೆ 419, ಪುಟದ ಅವಧಿ ಮುಗಿದಿದೆ ಎಂಬ ಸಂದೇಶ. ಹೆಸರೂ ಪಾಸ್‌ವರ್ಡೂ ಸರಿ ಇವೆ, ಆದರೂ ಒಳಗೆ ಬಿಡುತ್ತಿಲ್ಲ. ಕಾರಣ ಇಷ್ಟೇ: ಚೌಕಟ್ಟಿನ ಸ್ವಂತ ಪುಟದಲ್ಲಿ ಕಣ್ಣಿಗೆ ಕಾಣದ ಮೂರನೆಯ ಖಾನೆಯೊಂದಿತ್ತು, ಅದರಲ್ಲಿ ಸಿಎಸ್‌ಆರ್‌ಎಫ್ ಟೋಕನ್ ಎಂಬ ಉದ್ದನೆಯ ಗುಪ್ತ ಸಂಖ್ಯೆಯಿತ್ತು. ತಂದ ಟೆಂಪ್ಲೇಟಿನಲ್ಲಿ ಅದಿಲ್ಲ. ಸ್ಪ್ರಿಂಗ್ ಜೊತೆ ಥೈಮ್‌ಲೀಫ್ ಬಳಸುವವರಿಗೆ ಪರಿಹಾರ ನಗು ಬರುವಷ್ಟು ಸಣ್ಣದು. ಫಾರ್ಮಿನ 'ಆ್ಯಕ್ಷನ್' ಎಂಬ ಪದದ ಮುಂದೆ 'ಟಿಎಚ್' ಎಂಬ ಎರಡಕ್ಷರವನ್ನೂ ಒಂದು ಕೋಲನ್ನನ್ನೂ ಹಾಕಿದರೆ ಗುಪ್ತ ಖಾನೆ ತಾನಾಗಿ ಸೇರಿಕೊಳ್ಳುತ್ತದೆ, ಹಾಕದಿದ್ದರೆ ಸೇರುವುದಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ, ಮರುದಿನ ಪೋರ್ಟಲ್ ಉದ್ಘಾಟನೆ ಇರುವಾಗ, ಹುಡುಕಿದವರಿಗೆ ಮೊದಲು ಸಿಗುವ ಪರಿಹಾರ ಬೇರೆಯದು. ಸಂರಚನೆಯ ಕಡತದಲ್ಲಿ ಸಿಎಸ್‌ಆರ್‌ಎಫ್ ರಕ್ಷಣೆಯನ್ನೇ ನಿಲ್ಲಿಸುವ ಒಂದು ಸಾಲು. ಬರೆದ ಕೂಡಲೇ 403 ಮಾಯ, ಲಾಗಿನ್ ಸಲೀಸು, ಉದ್ಘಾಟನೆ ಸುಸೂತ್ರ. ಆ ಸಾಲು ನಿಲ್ಲಿಸಿದ್ದು ಲಾಗಿನ್ ಪುಟದ ರಕ್ಷಣೆಯನ್ನು ಮಾತ್ರವಲ್ಲ, ಇಡೀ ಪೋರ್ಟಲಿನ ಪ್ರತಿಯೊಂದು ಫಾರ್ಮಿನದ್ದನ್ನೂ. ಯಾರಿಗೂ ಏನೂ ಕಾಣುವುದಿಲ್ಲ, ಯಾಕೆಂದರೆ ಎಲ್ಲವೂ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿರುತ್ತದೆ.

ಆ ರಕ್ಷಣೆ ಯಾತಕ್ಕೆ ಎಂಬುದನ್ನು ಅಡಿಕೆ ಟೆಂಡರಿನ ಲೆಕ್ಕದಲ್ಲೇ ನೋಡೋಣ. ಕರ್ನಾಟಕದ ಎಪಿಎಂಸಿಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು ವ್ಯಾಪಾರಿಗಳು ಕಂಪ್ಯೂಟರಿನಲ್ಲೇ ದರ ಹಾಕುವ ರೂಢಿಯಾಗಿದೆ. ಅಂಥದೇ ಒಂದು ದರ ನಮೂದಿಸುವ ಪುಟವನ್ನು ನೀವು ಬರೆದಿದ್ದೀರಿ, ಸಿಎಸ್‌ಆರ್‌ಎಫ್ ನಿಲ್ಲಿಸಿದ್ದೀರಿ ಎಂದಿಟ್ಟುಕೊಳ್ಳಿ. ವ್ಯಾಪಾರಿ ಬೆಳಿಗ್ಗೆ ಲಾಗಿನ್ ಆಗಿದ್ದಾನೆ. ಅವನ ಬ್ರೌಸರಿನಲ್ಲಿ ನಿಮ್ಮ ಸರ್ವರ್ ಕೊಟ್ಟ ಸೆಷನ್ ಕುಕಿ ಇದೆ. ವಾಟ್ಸ್ಆ್ಯಪಿನಲ್ಲಿ ಬಂದ ಯಾವುದೋ ಕೊಂಡಿಯನ್ನು ಅದೇ ಕಂಪ್ಯೂಟರಿನಲ್ಲಿ ಒತ್ತುತ್ತಾನೆ. ತೆರೆದ ಪುಟದಲ್ಲಿ ಅಡಗಿಸಿಟ್ಟ ಫಾರ್ಮೊಂದು ನಿಮ್ಮ ಪೋರ್ಟಲಿಗೆ ತನ್ನಷ್ಟಕ್ಕೆ ಸಲ್ಲಿಕೆಯಾಗುತ್ತದೆ. ಇಂಥ ಲಾಟಿನ ರಾಶಿಗೆ ಕ್ವಿಂಟಲಿಗೆ ಇಷ್ಟು ದರ ಎಂದು ಅದರಲ್ಲಿದೆ. ಬ್ರೌಸರ್ ತನ್ನ ಸ್ವಭಾವದಂತೆ ಕುಕಿಯನ್ನೂ ಜೊತೆಗೆ ಕಳಿಸುತ್ತದೆ. ಸರ್ವರಿಗೆ ಕಾಣುವುದು ಸರಿಯಾದ ವ್ಯಾಪಾರಿಯಿಂದ ಬಂದ ಸರಿಯಾದ ದರ. ಗುಪ್ತ ಸಂಖ್ಯೆಯ ಖಾನೆ ಇದ್ದಿದ್ದರೆ, ಆ ಸಂಖ್ಯೆ ಹೊರಗಿನ ಪುಟಕ್ಕೆ ಗೊತ್ತಿರಲು ಸಾಧ್ಯವಿಲ್ಲದ್ದರಿಂದ, ಸಲ್ಲಿಕೆ ಬಾಗಿಲಲ್ಲೇ ಬಿದ್ದುಹೋಗುತ್ತಿತ್ತು. ಇದು ಕಲ್ಪನೆಯ ಭೂತವಲ್ಲ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಯಂ ಝೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್ ಇದೇ ದಾರಿಯಲ್ಲಿ ಐಎನ್‌ಜಿ ಡೈರೆಕ್ಟ್ ಬ್ಯಾಂಕಿನ ಗ್ರಾಹಕನ ಖಾತೆಯಿಂದ ಹಣ ವರ್ಗಾಯಿಸಬಹುದೆಂದು ತೋರಿಸಿಕೊಟ್ಟರು. ಈಗಿನ ಬ್ರೌಸರುಗಳು ಬೇರೆ ತಾಣದಿಂದ ಬಂದ ಸಲ್ಲಿಕೆಗೆ ಕುಕಿ ಕಳಿಸುವುದಿಲ್ಲವಲ್ಲ ಎಂದು ನಿಮ್ಮಲ್ಲಿ ತಿಳಿದವರು ಕೇಳಬಹುದು. 2020ರಿಂದ ಕ್ರೋಮ್ ಹಾಗೆ ಮಾಡುತ್ತಿರುವುದು ನಿಜ. ಆದರೆ ಕುಕಿ ಹುಟ್ಟಿದ ಮೊದಲ ಎರಡು ನಿಮಿಷ ಅದೇ ಕ್ರೋಮ್ ವಿನಾಯಿತಿ ಕೊಡುತ್ತದೆ, ಎಲ್ಲ ಬ್ರೌಸರುಗಳೂ ಕ್ರೋಮಿನ ಹಾದಿ ಹಿಡಿದಿಲ್ಲ, ಬರಿಯ ಕೊಂಡಿ ಒತ್ತಿದರೆ ಕೆಲಸ ಆಗುವಂತೆ ಬರೆದ ಪುಟಗಳಿಗೆ ಆ ರಕ್ಷಣೆ ದಕ್ಕುವುದೂ ಇಲ್ಲ. ಪರರ ಬ್ರೌಸರನ್ನು ನಂಬಿ ನಿಮ್ಮ ಸರ್ವರಿನ ಬಾಗಿಲು ತೆಗೆದಿಡುವುದಕ್ಕೆ ಎರಡಕ್ಷರ, ಒಂದು ಕೋಲನ್ ಹಾಕುವ ಆಲಸ್ಯ ಸಾಕಷ್ಟು ಕಾರಣವಲ್ಲ.

ಜೋಡಣೆಯ ಉಳಿದ ಎಡವಟ್ಟುಗಳು ಇಷ್ಟು ಅಪಾಯದವಲ್ಲ, ಆದರೆ ಅವುಗಳಿಂದ ಬೇಸತ್ತೇ ಜನ ಚೌಕಟ್ಟನ್ನು ಕಿತ್ತೆಸೆಯುತ್ತಾರೆ. ನಿಮ್ಮ ಖಾನೆಯ ಹೆಸರು 'ಮೆಂಬರ್‌ನಂಬರ್', ಚೌಕಟ್ಟು ಹುಡುಕುವುದು 'ಯೂಸರ್‌ನೇಮ್'. ಎಷ್ಟು ಸಲ ಒತ್ತಿದರೂ ಪಾಸ್‌ವರ್ಡ್ ತಪ್ಪು ಎಂದೇ ಬರುತ್ತದೆ. ಲಾಗಿನ್ ಪುಟಕ್ಕೇ ಲಾಗಿನ್ ಬೇಕು ಎಂದು ಹೇಳಿಬಿಟ್ಟರೆ ಬ್ರೌಸರ್ ಅದೇ ಪುಟಕ್ಕೆ ಸುತ್ತು ಹೊಡೆದು ಕೊನೆಗೆ ಕೈಚೆಲ್ಲುತ್ತದೆ. ಪುಟಕ್ಕೆ ಅನುಮತಿ ಕೊಟ್ಟು ಅದರ ಸಿಎಸ್‌ಎಸ್ ಕಡತಕ್ಕೆ ಕೊಡಲು ಮರೆತರಂತೂ ತಮಾಷೆ. ಸದಸ್ಯ ಪಾಸ್‌ವರ್ಡ್ ಸರಿಯಾಗಿ ಹಾಕಿದ ಮೇಲೆ ಅವನೆದುರು ಠೇವಣಿ ವಿವರದ ಬದಲು ಬಣ್ಣ, ಅಳತೆಗಳ ಸಂಕೇತಗಳು ಸಾಲುಗಟ್ಟಿ ನಿಲ್ಲುತ್ತವೆ, ಯಾಕೆಂದರೆ ಲಾಗಿನ್ ಆಗುವ ಮುಂಚೆ ಅವನ ಬ್ರೌಸರ್ ಕೊನೆಯದಾಗಿ ಕೇಳಿ ಬೈಸಿಕೊಂಡದ್ದು ಆ ಕಡತವನ್ನು, ಚೌಕಟ್ಟು ಅದನ್ನು ನೆನಪಿಟ್ಟುಕೊಂಡು ವಿಧೇಯವಾಗಿ ಅಲ್ಲಿಗೇ ಕರೆದೊಯ್ದಿದೆ. ಇವೆಲ್ಲ ಒಂದೊಂದು ಸಾಲಿನಲ್ಲಿ ತಿದ್ದುವಂಥವು. ಇನ್ನು ಲಾಗ್ಔಟ್. ಅದನ್ನು ಬರಿಯ ಕೊಂಡಿಯಾಗಿ ಇಟ್ಟರೆ ಸಿಎಸ್‌ಆರ್‌ಎಫ್ ಇರುವ ಸ್ಪ್ರಿಂಗ್ ಸೆಕ್ಯುರಿಟಿ ಅದನ್ನು ನೇರವಾಗಿ ಒಪ್ಪುವುದಿಲ್ಲ, ಜಾಂಗೊ ಕೂಡ 2023ರ ಡಿಸೆಂಬರಿನ 5.0 ಆವೃತ್ತಿಯಿಂದ ಒಪ್ಪುವುದನ್ನು ಬಿಟ್ಟಿದೆ. ಲಾಗ್ಔಟಿಗೂ ಒಂದು ಸಣ್ಣ ಫಾರ್ಮ್ ಬೇಕು. ಸಂಘದ ಕೌಂಟರಿನಲ್ಲೋ ಝೆರಾಕ್ಸ್ ಅಂಗಡಿಯಲ್ಲೋ ಕೂತು ತನ್ನ ಖಾತೆ ನೋಡಿ ಎದ್ದುಹೋದ ಸದಸ್ಯನ ಹಿಂದೆಯೇ ಇನ್ನೊಬ್ಬ ಬಂದು ಬ್ರೌಸರಿನ ಹಿಂದಿನ ಬಾಣ ಒತ್ತುವುದು ಸರ್ವೇಸಾಮಾನ್ಯ. ಆಗ ಹಳೆಯ ಪುಟ ಕಾಣಿಸದಂತೆ ತಡೆಯುವ ಆದೇಶವನ್ನು ಸ್ಪ್ರಿಂಗ್ ಸೆಕ್ಯುರಿಟಿ ಪ್ರತಿ ಪುಟದ ಜೊತೆಗೂ ಕಳಿಸುತ್ತಿರುತ್ತದೆ. ಪುಟ ಬೇಗ ತೆರೆಯಲೆಂದು ಅದನ್ನು ತೆಗೆದುಹಾಕಬೇಡಿ.

ಲಾಗಿನ್ ಆದ ಮೇಲಿನ ಪುಟಗಳ ಬಗ್ಗೆ ಒಂದು ಮಾತು. ಜಾಲತಾಣಗಳ ದೊಡ್ಡ ಭದ್ರತಾ ಅಪಾಯಗಳನ್ನು ಹೆಸರಿಸುವ 2021ರ ಓವಾಸ್ಪ್ ಪಟ್ಟಿಯಲ್ಲಿ ಲಾಗಿನ್ ದೋಷಗಳಿಗೆ ಏಳನೆಯ ಸ್ಥಾನ, ಒಳಗೆ ಬಂದವನು ತನಗೆ ಸೇರದ್ದನ್ನು ನೋಡಬಲ್ಲ ದೋಷಕ್ಕೆ ಮೊದಲ ಸ್ಥಾನ. ವಿಳಾಸದ ಕೊನೆಯಲ್ಲಿ ಸದಸ್ಯ ಸಂಖ್ಯೆ 412 ಎಂದಿದ್ದರೆ ಅದನ್ನು 413 ಮಾಡಿ ಪಕ್ಕದ ಮನೆಯವರ ಸಾಲ ಎಷ್ಟು ಬಾಕಿ ಇದೆಯೆಂದು ನೋಡಲು ಯಾವ ಹ್ಯಾಕರನೂ ಬೇಕಿಲ್ಲ. ಊರಿನ ಮದುವೆ, ಪಾಲು, ಜಮೀನು ವ್ಯವಹಾರಗಳಲ್ಲಿ ಆ ಅಂಕಿಗೆ ಎಷ್ಟು ಬೆಲೆ ಎಂಬುದು ನಿಮಗೆ ನಾನು ಹೇಳಬೇಕಾದ್ದಿಲ್ಲ. ಕೇಳುತ್ತಿರುವವನೂ ಖಾತೆದಾರನೂ ಒಬ್ಬನೇ ಹೌದೋ ಅಲ್ಲವೋ ಎಂದು ಪ್ರತಿ ಪುಟದಲ್ಲಿ ನೋಡುವ ಸೌಲಭ್ಯ ಚೌಕಟ್ಟಿನಲ್ಲಿದೆ, ಆದರೆ ಅದನ್ನು ಕರೆಯುವವರು ನೀವೇ ಆಗಬೇಕು. ಚೌಕಟ್ಟು ಮಾಡದ ಕೆಲಸವೂ ಒಂದಿದೆ. ಸ್ಪ್ರಿಂಗ್ ಸೆಕ್ಯುರಿಟಿಯಾಗಲಿ ಜಾಂಗೊ ಆಗಲಿ ಎಷ್ಟು ಸಲ ತಪ್ಪು ಪಾಸ್‌ವರ್ಡ್ ಹಾಕಬಹುದು ಎಂಬುದಕ್ಕೆ ಮಿತಿಯನ್ನು ತಾವಾಗಿ ಹೇರುವುದಿಲ್ಲ. ಸದಸ್ಯ ಸಂಖ್ಯೆ ಒಂದರಿಂದ ಶುರುವಾಗಿ ಸರದಿಯಲ್ಲಿ ಹೋಗುತ್ತದೆ, ಪ್ರತಿ ಅಡಿಕೆ ಪಟ್ಟಿಯ ಮೇಲೂ ಅಚ್ಚಾಗಿರುತ್ತದೆ. ನಾಲ್ಕಂಕಿಯ ಪಿನ್ ಇಟ್ಟರೆ ಸಾಧ್ಯತೆಗಳು ಹತ್ತು ಸಾವಿರ ಮಾತ್ರ. ಒಂದು ಖಾತೆಗೆ ಐದು ತಪ್ಪಾದರೆ ಬೀಗ ಎಂದು ನೀವು ಬರೆದರೂ, 1234 ಎಂಬ ಒಂದೇ ಪಿನ್ನನ್ನು ಎಲ್ಲ ಸದಸ್ಯ ಸಂಖ್ಯೆಗಳ ಮೇಲೆ ಒಂದೊಂದು ಸಲ ಪ್ರಯೋಗಿಸುವವನಿಗೆ ಆ ಬೀಗ ಎದುರಾಗುವುದೇ ಇಲ್ಲ. ಮಿತಿ ಖಾತೆಗೂ ಇರಬೇಕು, ವಿನಂತಿ ಬರುವ ವಿಳಾಸಕ್ಕೂ ಇರಬೇಕು, ಲಾಗಿನ್ ಆದವರಿಗೂ ಇರಬೇಕು. 2025ರ ಜನವರಿಯಲ್ಲಿ ಕಾವೇರಿ 2.0 ನೋಂದಣಿ ತಂತ್ರಾಂಶ ನಿಂತುಹೋಗಿ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಜನ ಕಾದದ್ದು ನೆನಪಿರಬಹುದು. ಅಲ್ಲಿ ದಾಳಿ ಮಾಡಿದವರು ಖಾತೆಗಳನ್ನು ತೆರೆದುಕೊಂಡೇ ಬಂದಿದ್ದರು.

ಇನ್ನು ನಿಮ್ಮ ಆಕ್ಷೇಪಗಳು. ಮೊದಲನೆಯದು, ನಮ್ಮ ಸಣ್ಣ ಸಂಘಕ್ಕೆ ಕನ್ನ ಹಾಕಲು ಯಾರಿಗೆ ಪುರುಸೊತ್ತಿದೆ ಎಂಬುದು. ಪುರುಸೊತ್ತು ಬೇಕಾದ್ದು ಮನುಷ್ಯರಿಗೆ. ಅಂತರ್ಜಾಲದಲ್ಲಿ ಹಗಲಿರುಳು ಲಾಗಿನ್ ಪುಟಗಳನ್ನು ತಡಕುತ್ತ ತಿರುಗುವ ತಂತ್ರಾಂಶಗಳಿಗೆ ಶಿರಸಿ ಯಾವುದು ಸಿಂಗಪುರ ಯಾವುದು ಎಂಬ ಭೇದವಿಲ್ಲ. ಸಣ್ಣವರು ದೊಡ್ಡವರ ಬಾಲಕ್ಕೆ ಕಟ್ಟಿಕೊಂಡಿರುವುದೂ ಇದೆ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಮೇಲೆ ರಾನ್ಸಮ್‌ವೇರ್ ದಾಳಿಯಾದಾಗ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಅದರ ಸಂಪರ್ಕವನ್ನೇ ತುಂಡರಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ಒಂದು ದಿನದ ಮಟ್ಟಿಗೆ ನಿಂತಿತು. ಟೆಂಡರಿನ ಮಾತು ಬಂದರೆ ನಮ್ಮದೇ ರಾಜ್ಯದ ಉದಾಹರಣೆ ಇದೆ. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲಿನಿಂದ ಗುತ್ತಿಗೆದಾರರ ಮುಂಗಡ ಠೇವಣಿಯ ಸುಮಾರು 11.5 ಕೋಟಿ ರೂಪಾಯಿ ಕಳವಾಗಿ ಸಿಐಡಿ ತನಿಖೆ ನಡೆಯಿತು. ಕಾನೂನು ಕೂಡ ಸಣ್ಣ-ದೊಡ್ಡ ನೋಡುವುದಿಲ್ಲ. ಘಟನೆ ಗಮನಕ್ಕೆ ಬಂದ ಆರು ತಾಸಿನಲ್ಲಿ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ ಆದೇಶದಲ್ಲಿ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ತಕ್ಕ ಭದ್ರತೆ ಕೈಗೊಳ್ಳದಿದ್ದಕ್ಕೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಆ ಮೊತ್ತವನ್ನು ಯಾರೂ ನಮ್ಮ ಹಳ್ಳಿಯ ಸಂಘದ ಮೇಲೆ ಹೇರಲಾರರು ಎಂದು ನೀವು ನಕ್ಕರೆ ನಾನೂ ನಗುತ್ತೇನೆ. ಅದರ ನೂರರಲ್ಲೊಂದು ಪಾಲು ಹೇರಿದರೂ ಸಂಘ ಉಳಿಯುವುದಿಲ್ಲ ಎಂಬುದು ನಗೆಯ ವಿಷಯವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಚೌಕಟ್ಟುಗಳಲ್ಲೂ ತೂತುಗಳಿವೆಯಲ್ಲ? ಇವೆ. 2022ರ ಮಾರ್ಚ್ ಕೊನೆಯಲ್ಲಿ ಸ್ಪ್ರಿಂಗ್ ಚೌಕಟ್ಟಿನಲ್ಲೇ ಸ್ಪ್ರಿಂಗ್‌ಫೋರ್‌ಶೆಲ್ ಎಂಬ ದೊಡ್ಡ ದೋಷ ಕಂಡಿತು. ಅದಾಗಿ ಎರಡು ತಿಂಗಳೊಳಗೆ ಸ್ಪ್ರಿಂಗ್ ಸೆಕ್ಯುರಿಟಿಯಲ್ಲಿ, ವಿಳಾಸದ ವಿನ್ಯಾಸವನ್ನು ಒಂದು ಬಗೆಯಲ್ಲಿ ಬರೆದಿದ್ದರೆ ಪರಿಶೀಲನೆಯನ್ನೇ ದಾಟಿ ಹೋಗಬಹುದಾದ ದೋಷ ಪ್ರಕಟವಾಯಿತು. ಎಲ್ಲರೂ ಬಳಸುವ ಚೌಕಟ್ಟಿನ ತೂತು ಎಲ್ಲರಿಗೂ ಗೊತ್ತಾಗುತ್ತದೆ, ನಾನು ಬರೆದ ಲಾಗಿನ್ನಿನ ತೂತು ನನಗೂ ಗೊತ್ತಿರುವುದಿಲ್ಲ, ಹಾಗಾಗಿ ನನ್ನದೇ ಸುರಕ್ಷಿತ ಎಂದು ವಾದಿಸುವವರಿದ್ದಾರೆ. ಈ ವಾದದ ಮೊದಲರ್ಧ ಸರಿ, ತೀರ್ಮಾನ ತಿರುಗುಮುರುಗು. ಎಲ್ಲರಿಗೂ ಗೊತ್ತಾದ ದೋಷಕ್ಕೆ ಸಂಖ್ಯೆ ಬೀಳುತ್ತದೆ, ಅದೇ ಹೊತ್ತಿಗೆ ತಿದ್ದಿದ ಆವೃತ್ತಿ ಬರುತ್ತದೆ, ನೀವು ಮಾಡಬೇಕಾದ್ದು ಹೊಸ ಆವೃತ್ತಿ ಏರಿಸುವುದು. ಯಾರಿಗೂ ಗೊತ್ತಿಲ್ಲದ ದೋಷ ಕದ್ದವನಿಗೆ ಮಾತ್ರ ಗೊತ್ತಾಗಿ, ವರ್ಷಗಟ್ಟಲೆ ಹಾಗೇ ಇರುತ್ತದೆ. ಆದರೆ ಈ ಆಕ್ಷೇಪದಲ್ಲಿ ನಿಜವಾದ ತೊಡಕೊಂದು ಅಡಗಿದೆ: ಹೊಸ ಆವೃತ್ತಿ ಏರಿಸುವವರು ಯಾರು? ಪೋರ್ಟಲನ್ನು ಒಮ್ಮೆ ಬರೆದು ಹಣ ಪಡೆದು ಕೈತೊಳೆದುಕೊಂಡರೆ, ಒಳ್ಳೆಯ ಚೌಕಟ್ಟು ಎರಡು ವರ್ಷದಲ್ಲಿ ಕೆಟ್ಟ ಚೌಕಟ್ಟಾಗುತ್ತದೆ. ಸ್ಪ್ರಿಂಗ್ ಸೆಕ್ಯುರಿಟಿಯ ಸಂರಚನೆ ಬರೆಯುವ ಹಳೆಯ ವಿಧಾನ 2022ರ ನವೆಂಬರಿನ 6.0 ಆವೃತ್ತಿಯಲ್ಲಿ ಪೂರ್ತಿ ಹೋಯಿತು, ಹಾಗಾಗಿ ಏರಿಸುವುದೆಂದರೆ ಕೆಲವೊಮ್ಮೆ ತಿದ್ದಿ ಬರೆಯುವುದು. ಆ ಕೆಲಸಕ್ಕೆ ಹಣ ಬೇಕು. ಕರಾರಿನಲ್ಲಿ ವಾರ್ಷಿಕ ನಿರ್ವಹಣೆಯ ಕಲಮು ಹಾಕಿ, ಅದರಲ್ಲಿ ಆವೃತ್ತಿ ಏರಿಸುವ ಕೆಲಸವನ್ನು ಹೆಸರಿಟ್ಟು ಬರೆಯಿರಿ. ತೋಟಕ್ಕೆ ವರ್ಷ ವರ್ಷ ಮದ್ದು ಹೊಡೆಸುವ ನಿರ್ದೇಶಕರಿಗೆ ಈ ಖರ್ಚಿನ ತರ್ಕ ಅರ್ಥವಾಗದೇ ಇರುವುದಿಲ್ಲ.

ಮೂರನೆಯ ಆಕ್ಷೇಪ ಕೌಂಟರಿನಿಂದ ಬರುವಂಥದು. ಸೀಸನ್ನಿನಲ್ಲಿ ಜನ ಸಾಲುಗಟ್ಟಿ ನಿಂತಿರುವಾಗ ಗುಮಾಸ್ತರೊಬ್ಬರು ಲಾಗ್ಔಟ್ ಆಗಿ ಇನ್ನೊಬ್ಬರು ಲಾಗಿನ್ ಆಗುತ್ತ ಕೂರಲು ಸಾಧ್ಯವೇ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೇನು ಎಂದು ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಕರ್ನಾಟಕವೇ ಕಾಲು ಶತಮಾನದ ಹಿಂದೆ ಕೊಟ್ಟಿದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ತಾಲೂಕು ಕಚೇರಿಗಳಿಗೆ ಬಂದಾಗ, ಪಹಣಿ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗುವ ಏರ್ಪಾಡು ಮಾಡಿದ್ದರು. ಪಾಸ್‌ವರ್ಡ್ ಕೈಯಿಂದ ಕೈಗೆ ಹೋಗುತ್ತದೆ, ಕೊನೆಗೆ ತಪ್ಪು ಮಾಡಿದವರು ಯಾರೆಂದು ಯಾರೂ ಒಪ್ಪಿಕೊಳ್ಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆ ಕಾಲದ ಯಂತ್ರಗಳಲ್ಲಿ, ಆ ಕಾಲದ ವಿದ್ಯುತ್ತಿನಲ್ಲಿ ಅದು ನಡೆಯಿತು. ಒಂದೇ ಪಾಸ್‌ವರ್ಡ್ ಇಟ್ಟಾಗ ಹೆಚ್ಚು ಕಷ್ಟಕ್ಕೆ ಬೀಳುವವರು ಪ್ರಾಮಾಣಿಕ ಗುಮಾಸ್ತರೇ. ಲೆಕ್ಕ ತಪ್ಪಿದ ದಿನ ಆ ಕೌಂಟರಿನಲ್ಲಿ ಕೂತವರೆಲ್ಲರ ಮೇಲೂ ಅನುಮಾನ. ಚೌಕಟ್ಟಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಖಾತೆ, ಖಾತೆಗೊಂದು ಪಾತ್ರ ಕೊಡುವುದು ಎರಡು ಕೋಷ್ಟಕಗಳ ಕೆಲಸ. ಆ ಬೆಲೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಕನ್ನಡದ ವಿಷಯಕ್ಕೆ ಬರುತ್ತೇನೆ. ಚೌಕಟ್ಟುಗಳೆಲ್ಲ ಇಂಗ್ಲಿಷ್ ಬಲ್ಲವರು ಇಂಗ್ಲಿಷ್ ಬಲ್ಲವರಿಗಾಗಿ ಮಾಡಿದ್ದು, ನಮ್ಮ ಸದಸ್ಯರಿಗೆ ಒಗ್ಗುವುದಿಲ್ಲ ಎಂಬ ಮಾತು ಪುಟದ ಮಟ್ಟಿಗೆ ಸುಳ್ಳು. ದೋಷದ ಸಂದೇಶಗಳನ್ನೆಲ್ಲ ಒಂದು ಕಡತದಲ್ಲಿ ಕನ್ನಡಕ್ಕೆ ಬರೆದುಕೊಳ್ಳಬಹುದು. ಪಾಸ್‌ವರ್ಡಿನ ಮಟ್ಟಿಗೆ ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಫೋನಿನಲ್ಲಿ ಕನ್ನಡ ಕೀಲಿಮಣೆಯೇ ಸಲೀಸು ಎನ್ನುವ ಸದಸ್ಯೆ ಪಾಸ್‌ವರ್ಡನ್ನೂ ಕನ್ನಡದಲ್ಲಿ ಇಟ್ಟರೆ ಅವರನ್ನು ತಡೆಯಬಾರದು. ಆದರೆ 'ತೋಟ' ಎಂಬ ಪದದ ಓತ್ವದ ದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹ್ಯಾಶ್ ಮಾತ್ರ ಬೇರೆ ಬೇರೆ. ಎರಡು ಕೀಲಿಮಣೆಗಳು ಎರಡು ಬಗೆಯಲ್ಲಿ ಬರೆದರೆ ಮನೆಯಲ್ಲಿ ನಡೆದ ಪಾಸ್‌ವರ್ಡ್ ಸಂಘದ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಪಾಸ್‌ವರ್ಡನ್ನು ಹ್ಯಾಶಿಗೆ ಕೊಡುವ ಮುಂಚೆ ಯೂನಿಕೋಡಿನ ಒಂದೇ ರೂಪಕ್ಕೆ ತನ್ನಿ ಎಂದು ಅಮೆರಿಕದ ಎನ್‌ಐಎಸ್‌ಟಿ ಮಾರ್ಗಸೂಚಿ ಹೇಳುವುದು ಇದಕ್ಕೇ. ಇನ್ನೊಂದು ಗಂಟು ಉದ್ದದ್ದು. ಬಿಕ್ರಿಪ್ಟ್ 72 ಬೈಟುಗಳಾಚೆ ಏನಿದೆಯೆಂದು ನೋಡುವುದೇ ಇಲ್ಲ. ಇಂಗ್ಲಿಷಿನಲ್ಲಿ ಅದು 72 ಅಕ್ಷರ, ಯಾರೂ ಮುಟ್ಟದ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು. 'ಶ್ರೀಮಾರಿಕಾಂಬೆ' ನಮ್ಮ ಎಣಿಕೆಯಲ್ಲಿ ಐದಕ್ಷರ, ಯಂತ್ರದ ಎಣಿಕೆಯಲ್ಲಿ ಹದಿಮೂರು ಸಂಕೇತ, 39 ಬೈಟು. ಅಮ್ಮನ ಹೆಸರನ್ನು ಎರಡು ಸಲ ಬರೆಯುವಷ್ಟರಲ್ಲಿ ಮಿತಿ ದಾಟಿರುತ್ತದೆ, ಆಮೇಲೆ ಸೇರಿಸಿದ ಇಸವಿಯಾಗಲಿ ಚಿಹ್ನೆಯಾಗಲಿ ಲೆಕ್ಕಕ್ಕಿಲ್ಲ. ಈ 72ರ ಮಿತಿಯನ್ನು ಮರೆತು ಒಕ್ಟಾ ಎಂಬ, ಲಾಗಿನ್ ಸೇವೆಯನ್ನೇ ಕಸುಬು ಮಾಡಿಕೊಂಡ ಕಂಪನಿ 2024ರಲ್ಲಿ ಎಡವಿತು. 52 ಅಥವಾ ಹೆಚ್ಚು ಅಕ್ಷರಗಳ ಬಳಕೆದಾರ ಹೆಸರಿದ್ದರೆ ಕೆಲವು ಸಂದರ್ಭಗಳಲ್ಲಿ ಪಾಸ್‌ವರ್ಡ್ ಯಾವುದಿದ್ದರೂ ಒಳಗೆ ಬಿಡುವ ದೋಷ ಮೂರು ತಿಂಗಳು ಅದರ ಸೇವೆಯಲ್ಲಿತ್ತು. ಸಿದ್ಧ ಸಾಮಗ್ರಿಯನ್ನು ತನ್ನದೇ ರೀತಿಯಲ್ಲಿ ಜೋಡಿಸಿದ್ದರ ಫಲ ಅದು. ಸ್ಪ್ರಿಂಗ್ ಸೆಕ್ಯುರಿಟಿ 2025ರಲ್ಲಿ ತನ್ನ ಬಿಕ್ರಿಪ್ಟ್ ಭಾಗವನ್ನು ತಿದ್ದಿಕೊಂಡಿತು. ಕನ್ನಡ ಪಾಸ್‌ವರ್ಡಿಗೆ ಅವಕಾಶ ಕೊಡುವುದಾದರೆ ಉದ್ದವನ್ನು ಬೈಟಿನಲ್ಲಿ ಅಳೆದು ಮೊದಲೇ ತಿಳಿಸಿ, ಇಲ್ಲವೇ ಈ ಮಿತಿ ಇಲ್ಲದ ಆರ್ಗಾನ್2 ಬಳಸಿ. ಚೌಕಟ್ಟಿನಲ್ಲಿ ಅದೂ ಇದೆ.

ಕೊನೆಯದು, ಮಳೆಗಾಲದ್ದು. ಪಾಸ್‌ವರ್ಡ್ ಸಾಲದು, ಒಟಿಪಿ ಬೇಕು ಎಂದರೆ ನೀವು ಹೇಳುವುದು ಸರಿಯೇ: ಜೂನ್‌ನಿಂದ ಮುಂದೆ ಕರೆಂಟು ಹೋದರೆ ಟವರೂ ಹೋಗುತ್ತದೆ, ಎಸ್‌ಎಂಎಸ್ ನೋಡಲು ಗುಡ್ಡ ಹತ್ತಬೇಕಾದ ಮನೆಗಳಿವೆ, ಹತ್ತಿ ಇಳಿಯುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಮನೆಗೆ ಫೈಬರ್ ಇದ್ದೂ ಮೊಬೈಲಿಗೆ ಸಿಗ್ನಲ್ ಇಲ್ಲದ ಊರುಗಳಲ್ಲಿ ಈ ಗೋಳು ಇನ್ನೂ ವಿಚಿತ್ರ. ಆದರೆ ಎಸ್‌ಎಂಎಸ್ಸೇ ಆಗಬೇಕೆಂದು ಯಾರೂ ಹೇಳಿಲ್ಲ. 2026ರ ಏಪ್ರಿಲ್ 1ರಿಂದ ಜಾರಿಗೆಂದು ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನ ಕೂಡ ಡಿಜಿಟಲ್ ಪಾವತಿಗೆ ಎರಡು ಬಗೆಯ ದೃಢೀಕರಣ ಕೇಳುತ್ತದೆಯೇ ಹೊರತು ಎಸ್‌ಎಂಎಸ್ಸಿಗೆ ಕಟ್ಟುಬೀಳುವುದಿಲ್ಲ. 2011ರಲ್ಲಿ ಗೊತ್ತುಪಡಿಸಿದ ಟಿಒಟಿಪಿ ಎಂಬ ಪದ್ಧತಿಯಲ್ಲಿ ಫೋನು ಮತ್ತು ಸರ್ವರ್ ಮೊದಲ ದಿನ ಒಂದು ಗುಟ್ಟನ್ನು ಹಂಚಿಕೊಳ್ಳುತ್ತವೆ, ಆಮೇಲೆ ಪ್ರತಿ 30 ಸೆಕೆಂಡಿಗೆ ಗಡಿಯಾರ ನೋಡಿ ಎರಡೂ ಕಡೆ ಒಂದೇ ಆರಂಕಿಯನ್ನು ಲೆಕ್ಕ ಹಾಕಿಕೊಳ್ಳುತ್ತವೆ. ಫೋನಿಗೆ ಸಿಮ್ ಇಲ್ಲದಿದ್ದರೂ ನಡೆಯುತ್ತದೆ, ಗಡಿಯಾರ ಸರಿ ಇದ್ದರಾಯಿತು. ಕ್ಯೂಆರ್ ಚಿತ್ರ ತೋರಿಸಿ ಆ ಗುಟ್ಟು ಹಂಚುವ ಕೆಲಸವನ್ನು ಸದಸ್ಯ ಸಂಘಕ್ಕೆ ಬಂದ ದಿನ ಕೌಂಟರಿನಲ್ಲೇ, ಅವರ ಮುಖ ಗೊತ್ತಿರುವ ಗುಮಾಸ್ತರ ಎದುರು ಮಾಡಿಸಬಹುದು. ಫೋನ್ ಕಳೆದರೆ ಇರಲಿ ಎಂದು ಒಂದೊಂದು ಸಲ ಮಾತ್ರ ನಡೆಯುವ ಹತ್ತು ಬದಲಿ ಅಂಕಿಗಳನ್ನು ಅಚ್ಚು ಹಾಕಿ ಕೊಡಬಹುದು, ಪಾಸ್‌ಬುಕ್ಕಿನ ಜೊತೆ ಬೇಡ, ಬೇರೆ ಕಡೆ ಇಟ್ಟುಕೊಳ್ಳಿ ಎಂದು ಹೇಳಿ. ಈ ವರ್ಷದ ಸರ್ವಸಾಧಾರಣ ಸಭೆಗೆ ಇನ್ನೂ ಸಮಯವಿದೆ. ಮೊದಲು ವ್ಯಾಪಾರಿಗಳ ಮತ್ತು ಸಿಬ್ಬಂದಿಯ ಖಾತೆಗಳಿಗೆ ಇದನ್ನು ಹಾಕಿ, ಹಣ ಚಲಿಸುವುದು ಅಲ್ಲಿ. ಠೇವಣಿ ನೋಡಲು ಮಾತ್ರ ಬರುವ ಸದಸ್ಯರಿಗೆ ಮುಂದಿನ ವರ್ಷ ಹಾಕಿದರೂ ನಡೆದೀತು. ಆದರೆ ಅದಕ್ಕಿಂತ ಮುಂಚೆ, ಇವತ್ತೇ ಸಂಜೆ, ಸಂರಚನೆಯ ಕಡತ ತೆರೆದು ಸಿಎಸ್‌ಆರ್‌ಎಫ್ ನಿಲ್ಲಿಸಿದ ಆ ಒಂದು ಸಾಲು ಇದೆಯೇ ಎಂದು ಹುಡುಕಿ. ಇದ್ದರೆ ಅಳಿಸಿ, 403 ಬರುವ ಫಾರ್ಮುಗಳನ್ನು ಒಂದೊಂದಾಗಿ ಸರಿಪಡಿಸುತ್ತ ಬನ್ನಿ.

ಇಂತಿ ನಿಮ್ಮ ವಿಶ್ವಾಸಿ